ಅಪ್‌ಡೇಟ್: ಮಗಳಿಗೆ ಅಮೆರಿಕದ ಇತಿಹಾಸದ ಎಪಿ ಕೋರ್ಸನ್ನೇ ಆರಿಸಿದೆವು

ಹನ್ನೊಂದನೇ ತರಗತಿಗೆ ಹೋಗಲಿರುವ ಮಗಳು ಅಮೆರಿಕದ ಇತಿಹಾಸವನ್ನು ಎಪಿ (ಅಡ್ವಾನ್ಸ್‌ಡ್ ಪ್ಲೇಸ್‌ಮೆಂಟ್, ಅಂದರೆ ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ) ಕೋರ್ಸಾಗಿ ಓದಬೇಕೇ ಅಥವಾ ಕಮ್ಯುನಿಟಿ ಕಾಲೇಜಿನ ಡ್ಯುಯಲ್ ಎನ್‌ರೋಲ್‌ಮೆಂಟ್ ತರಗತಿಗೆ (ಹೈಸ್ಕೂಲಿನಲ್ಲಿದ್ದುಕೊಂಡೇ ಕಾಲೇಜಿನ ಕೋರ್ಸ್ ಓದುವ ವ್ಯವಸ್ಥೆ) ಸೇರಬೇಕೇ ಎಂದು ಕೇಳಿದ್ದೆ. ಎಪಿಯನ್ನೇ ಆರಿಸಿದ್ದೇವೆ.

ಎಪಿ ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡ್ ಪ್ರಕಟಿಸಿರುವ ಹಳೆಯ ಪ್ರಶ್ನೆಯೊಂದನ್ನು ಮನೆಯಲ್ಲೇ ಬರೆಸಿ ನೋಡಿ ಎಂದವರ ಸಲಹೆ ನಿಜಕ್ಕೂ ಕೈಹಿಡಿಯಿತು. ಏಳು ದಾಖಲೆಗಳನ್ನು ಓದಿ ಒಂದು ಗಂಟೆಯೊಳಗೆ ವಾದ ಮಂಡಿಸಬೇಕಾದ ಆ ಪ್ರಬಂಧವನ್ನು ಅವಳು ಸಮಯಕ್ಕೆ ಮುಗಿಸಲಿಲ್ಲವಾದರೂ, ದಾಖಲೆಯೊಂದರ ಅಂಚಿನಲ್ಲಿ ‘ಇದನ್ನು ಬರೆದವರಿಗೆ ಏನು ಲಾಭ?’ ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡಿದ್ದನ್ನು ಕಂಡಾಗ ನಮ್ಮ ಅನುಮಾನ ಕರಗಿತು. ಡ್ಯುಯಲ್ ಎನ್‌ರೋಲ್‌ಮೆಂಟ್‌ನಲ್ಲಿ ಪಡೆದ ಗ್ರೇಡ್ ಕಾಲೇಜಿನ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ (ಅಧಿಕೃತ ಅಂಕಪಟ್ಟಿಯಲ್ಲಿ) ಶಾಶ್ವತವಾಗಿ ಉಳಿಯುತ್ತದೆ ಎಂಬ ಎಚ್ಚರಿಕೆಯೂ ಉಪಯುಕ್ತವಾಯಿತು. ಬೇಸಿಗೆ ರಜೆಯಲ್ಲೇ ಪಠ್ಯಪುಸ್ತಕ ಪೂರ್ತಿ ಓದಿಸುವ ಸಲಹೆ ಮಾತ್ರ ನಡೆಯಲಿಲ್ಲ; 1491ರಿಂದ ಇಂದಿನವರೆಗಿನ ಒಂಬತ್ತು ಕಾಲಘಟ್ಟಗಳನ್ನು ಹಾಗೆ ಒಂದೇ ಉಸಿರಿಗೆ ಓದಿದರೆ ತಲೆಯಲ್ಲಿ ನಿಲ್ಲುವುದಿಲ್ಲ.

ಈ ಹುಡುಕಾಟದಲ್ಲಿ ಅನಿರೀಕ್ಷಿತವಾಗಿ ಸಿಕ್ಕಿದ್ದು ಭಗತ್ ಸಿಂಗ್ ಥಿಂಡ್ ಮೊಕದ್ದಮೆ. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯಲ್ಲಿದ್ದ ಅವರು ‘ಬಿಳಿಯ’ರಲ್ಲ, ಆದ್ದರಿಂದ ಪೌರತ್ವಕ್ಕೆ ಅರ್ಹರಲ್ಲ ಎಂದು 1923ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ನೀಡಿತ್ತು, ಭಾರತೀಯರಿಗೆ ಆ ಬಾಗಿಲು ಮತ್ತೆ ತೆರೆದದ್ದು 1946ರ ಕಾಯ್ದೆಯಿಂದ. ಮಗಳು ಈಗ ಆ ತೀರ್ಪನ್ನೇ ಓದುತ್ತಿದ್ದಾಳೆ.