ಅಲರ್ಜಿ ಸೀನಿಗೆ ಅಕ್ಯುಪಂಕ್ಚರ್ ಮಾಡಿಸಿಕೊಂಡವರು ಯಾರಾದರೂ ಇದ್ದೀರಾ?

ಬನಶಂಕರಿ ಸೌಮ್ಯ:
ಗಣಪತಿ ಹಬ್ಬ ಮುಗಿಯುತ್ತಿದ್ದಂತೆ ನನ್ನ ಸೀನು ಶುರು. ದೀಪಾವಳಿ ದಾಟುವವರೆಗೂ ಬಿಡುವುದಿಲ್ಲ. ಬೆಳಗ್ಗೆ ಎದ್ದರೆ ಒಂದೇ ಸಮನೆ ಇಪ್ಪತ್ತು ಸೀನು, ಕಣ್ಣು ತುರಿಕೆ. ಸೆಟ್ರಿಜಿನ್ ತಗೊಂಡರೆ ಆಫೀಸಿನಲ್ಲಿ ತೂಕಡಿಕೆ. ಜೊತೆಯವರು ಅಕ್ಯುಪಂಕ್ಚರ್ ಮಾಡಿಸು ಅಂತಿದ್ದಾರೆ. ನನಗೆ ಸೂಜಿ ಅಂದರೇ ಕೈಕಾಲು ತಣ್ಣಗಾಗುತ್ತದೆ. ಬಿಡುವು ಸಿಗುವುದೂ ಶನಿವಾರ ಮಾತ್ರ. ವಾರಕ್ಕೆ ಒಂದೇ ಸಲ ಹೋದರೆ ಪ್ರಯೋಜನ ಇದೆಯಾ? ಮಾಡಿಸಿಕೊಂಡವರು ದಯವಿಟ್ಟು ಹೇಳಿ.

ವಿಜಯನಗರ ರಾಜು:
ನಾನು ಹೋದ ವರ್ಷ ಮಾಡಿಸಿದೆ. ಲೆಕ್ಕ ಬರೆದಿಟ್ಟಿದ್ದೇನೆ, ನೋಡಿ. ಹನ್ನೆರಡು ಸಿಟ್ಟಿಂಗ್, ಒಂದಕ್ಕೆ 700ರಂತೆ 8,400. ಹೋಗಿ ಬರಲು ಆಟೋ 320, ಹನ್ನೆರಡು ಸಲಕ್ಕೆ 3,840. ಅವರೇ ಕೊಟ್ಟ ಕಷಾಯದ ಪುಡಿ 1,250. ಅಲ್ಲಿಗೆ 13,490 ರೂಪಾಯಿ.

ದುಡ್ಡಿಗೆ ನನಗೆ ಅಷ್ಟು ಬೇಜಾರಿಲ್ಲ. ಮೊದಲ ದಿನವೇ "ಇಂಗ್ಲಿಷ್ ಔಷಧಿ ಎಲ್ಲ ನಿಲ್ಲಿಸಿ, ಇಲ್ಲಾಂದ್ರೆ ಸೂಜಿ ಕೆಲಸ ಮಾಡಲ್ಲ" ಅಂದರು. ನಂಬಿದೆ. ಮೂಗಿನ ಸ್ಪ್ರೇ ಬಿಟ್ಟೆ, ಉಬ್ಬಸದ ಪಂಪೂ ಬಿಟ್ಟೆ. ಐದನೇ ಸಿಟ್ಟಿಂಗ್ ಆದ ರಾತ್ರಿ ಎರಡು ಗಂಟೆಗೆ ಎದೆ ಸುಯ್ ಸುಯ್ ಅನ್ನತೊಡಗಿತು. ಮಾತಾಡಲು ಉಸಿರು ಸಾಲಲಿಲ್ಲ. ನನ್ನ ತಮ್ಮ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗಿ ನೆಬ್ಯುಲೈಸರ್ ಹಾಕಿಸಿದ. ಆ ಬಿಲ್ಲು 4,300 ಬೇರೆ. ಹನ್ನೆರಡರ ದುಡ್ಡನ್ನೂ ಮುಂಚೆಯೇ ಕಟ್ಟಿಸಿಕೊಂಡಿದ್ದರು. ವಾಪಸ್ ಕೇಳಿದರೆ ಕೊಡಲಿಲ್ಲ. ಹಾಗಾಗಿ ಪಂಪು ಮತ್ತೆ ಶುರು ಮಾಡಿ ಮಿಕ್ಕ ಏಳನ್ನೂ ಮುಗಿಸಿದೆ. ಸೀನು ಒಂದೂ ಕಡಿಮೆ ಆಗಲಿಲ್ಲ.

ಮೈಸೂರು ಗೀತಕ್ಕ:
ರಾಜು ಅವರೇ, ಪಂಪು ಬಿಡಿ ಅಂದವರದು ದೊಡ್ಡ ತಪ್ಪು. ಅದಕ್ಕೆ ಸೂಜಿಯನ್ನು ಯಾಕೆ ಬೈಯುತ್ತೀರಿ?

ನಾನು ಬಿಎನ್‌ವೈಎಸ್ (ಪ್ರಕೃತಿ ಚಿಕಿತ್ಸೆ, ಯೋಗದ ಪದವಿ) ಓದಿದ ಡಾಕ್ಟರಮ್ಮನ ಹತ್ತಿರ ಎರಡು ವರ್ಷ ಮಾಡಿಸಿದ್ದೇನೆ. ಮಳೆಗಾಲ ಮುಗಿಯುವ ಮುಂಚೆಯೇ ಶುರು ಮಾಡುತ್ತಾರೆ. ಮೂಗಿನ ಎರಡೂ ಪಕ್ಕ, ಹುಬ್ಬಿನ ನಡುವೆ, ಹೆಬ್ಬೆರಳು ತೋರುಬೆರಳಿನ ಸಂದಿಯಲ್ಲಿ, ಮಂಡಿ ಕೆಳಗೆ. ಇಪ್ಪತ್ತು ನಿಮಿಷ ಹಾಗೇ ಮಲಗಬೇಕು. ಇಂಜೆಕ್ಷನ್ ನೋವಲ್ಲ, ಜೋಮು ಹಿಡಿದ ಹಾಗೆ ಒಂಥರಾ ಭಾರ. ಸೂಜಿ ಪ್ಯಾಕೆಟ್ಟನ್ನು ನನ್ನ ಕಣ್ಣೆದುರೇ ಒಡೆಯುತ್ತಾರೆ. ಬಸುರಿಯರಿಗೆ ಬೆರಳ ಸಂದಿಯ ಜಾಗಕ್ಕೆ ಹಾಕುವುದಿಲ್ಲ, ಮೊದಲೇ ಕೇಳಿಕೊಳ್ಳುತ್ತಾರೆ. ಸ್ಪ್ರೇ ನಿಲ್ಲಿಸು ಅಂತ ಒಂದು ದಿನವೂ ಹೇಳಿಲ್ಲ.

ಮುಂಚೆ ಸೀಸನ್ನಿನಲ್ಲಿ ದಿನಾ ಮಾತ್ರೆ. ಈಗ ತಿಂಗಳಿಗೆ ನಾಲ್ಕು. ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದೇನೆ. ಆರು ವರ್ಷದ ಮೇಲೆ ಅಕ್ಟೋಬರಿನಲ್ಲಿ ಕುಕ್ಕರಹಳ್ಳಿ ಕೆರೆಗೆ ವಾಕಿಂಗ್ ಹೋದೆ. ನನಗೆ ಅಷ್ಟು ಸಾಕು.

ಮ್ಯೂನಿಕ್ ಮಂಜು:
ಇಲ್ಲಿ ಏಪ್ರಿಲ್‌ನಲ್ಲಿ ಬರ್ಚ್ ಮರದ ಪರಾಗ, ಅದು ಮುಗಿಯುವಷ್ಟರಲ್ಲಿ ಹುಲ್ಲಿನದು. ಜುಲೈವರೆಗೂ ಕಿಟಕಿ ತೆಗೆಯುವ ಹಾಗಿಲ್ಲ. ನಾನೂ ಹತ್ತು ಸಿಟ್ಟಿಂಗ್ ಮಾಡಿಸಿದೆ, ಒಂದಕ್ಕೆ 50 ಯೂರೋ. ಕಡ್ಡಾಯ ವಿಮೆಯವರು ಒಂದು ಸೆಂಟ್ ಕೊಡಲಿಲ್ಲ. 2007ರಿಂದ ಅವರು ಸೂಜಿಗೆ ದುಡ್ಡು ಕೊಡುವುದು ಹಳೆಯ ಸೊಂಟನೋವು, ಮಂಡಿನೋವಿಗೆ ಮಾತ್ರ.

ಆಮೇಲೆ ಕೂತು ಓದಿದೆ. ಜರ್ಮನಿಯಲ್ಲೇ 422 ಜನರ ಮೇಲೆ ದೊಡ್ಡ ಪರೀಕ್ಷೆ ಮಾಡಿದ್ದಾರೆ, 2013ರಲ್ಲಿ ಪ್ರಕಟವಾಗಿದೆ. ಒಂದು ಗುಂಪಿಗೆ ನಿಜವಾದ ಜಾಗಕ್ಕೆ ಸೂಜಿ, ಇನ್ನೊಂದಕ್ಕೆ ಸುಮ್ನೆ ಬೇರೆ ಜಾಗಕ್ಕೆ, ಮೂರನೆಯದಕ್ಕೆ ಸೂಜಿಯೇ ಇಲ್ಲ. ಬೇಕಾದಾಗ ಸೆಟ್ರಿಜಿನ್ ಮೂವರಿಗೂ ಇತ್ತು. ಎಂಟು ವಾರದಲ್ಲಿ ಹನ್ನೆರಡು ಸಿಟ್ಟಿಂಗ್. ನಿಜವಾದ ಸೂಜಿಯವರಿಗೆ ಸ್ವಲ್ಪ ಜಾಸ್ತಿ ಆರಾಮ ಸಿಕ್ಕಿತು, ಮಾತ್ರೆಯೂ ಕಡಿಮೆ ಬೇಕಾಯಿತು. ಆದರೆ ಹದಿನಾರನೇ ವಾರಕ್ಕೆ ನೋಡಿದರೆ ಗುಂಪುಗಳ ನಡುವೆ ವ್ಯತ್ಯಾಸವೇ ಉಳಿದಿರಲಿಲ್ಲ. ಗೀತಕ್ಕ, ನಿಮ್ಮ ಆರಾಮದಲ್ಲಿ ಅರ್ಧ ನಂಬಿಕೆಯದು.

ಮೈಸೂರು ಗೀತಕ್ಕ:
ನನ್ನ ಮೂಗು ಬಿಟ್ಟಿದ್ದು ನನಗೆ ಗೊತ್ತಾಗಲ್ವಾ? ಸ್ವಲ್ಪ ಜಾಸ್ತಿ ಆರಾಮ ಸಿಕ್ಕಿತು ಅಂತ ನೀವೇ ಬರೆದಿದ್ದೀರಿ. ಸೀಸನ್ ಇರುವುದೇ ಎರಡು ತಿಂಗಳು. ಆ ಎರಡು ತಿಂಗಳು ಆರಾಮವಾಗಿದ್ದರೆ ಅದು ಸಣ್ಣ ವಿಷಯ ಅಲ್ಲ.

ವಿಜಯನಗರ ರಾಜು:
ಅಕ್ಕ, ನೀವು ಸ್ಪ್ರೇನೂ ಹಾಕುತ್ತಿದ್ದಿರಿ. ದಿನಾ ಬಿಡದೆ ಹಾಕಿದರೆ ಅದೇ ಒಂದೆರಡು ವಾರದಲ್ಲಿ ಕೆಲಸ ಮಾಡುತ್ತದೆ. ಯಾವುದರಿಂದ ಕಡಿಮೆ ಆಯ್ತು ಅಂತ ಹೇಗೆ ಹೇಳುತ್ತೀರಿ?

ಮೈಸೂರು ಗೀತಕ್ಕ:
ಅದೇ ಸ್ಪ್ರೇ ನಾಲ್ಕು ವರ್ಷದಿಂದ ದಿನಾ ಹಾಕುತ್ತಿದ್ದೇನೆ ರೀ. ಆಗ ಯಾಕೆ ಕಡಿಮೆ ಆಗಲಿಲ್ಲ? ನಿಮಗೆ ಮೋಸ ಆಯ್ತು ಅಂತ ಎಲ್ಲರಿಗೂ ಆಗಿರಬೇಕಾ?

ಹೆಬ್ಬಾಳ ಶಶಿ:
ಸೂಜಿಯೂ ಬೇಡ ಸ್ಪ್ರೇಯೂ ಬೇಡ, ಮೊದಲು ರಸ್ತೆ ಬದಿಯ ಆ ಹೂಬಿಡುವ ಮರಗಳನ್ನು ಕಡಿಸಿ. ನಮ್ಮ ಬೀದಿಯಲ್ಲಿ ಹೂವು ಉದುರಿದರೆ ಮನೆಮಂದಿಗೆಲ್ಲ ಸೀನು. ಅರ್ಜಿ ಕೊಟ್ಟು ಸಾಕಾಯಿತು.

ದಾವಣಗೆರೆ ಪ್ರಸನ್ನ:
ಸ್ವಾಮಿ, ಮರ ಕಡಿಸುವ ಮಾತು ಬೇಡ. ಬಣ್ಣದ ದೊಡ್ಡ ಹೂವಿನ ಪರಾಗ ಭಾರ, ಅಂಟು. ಅದನ್ನು ಹೆಚ್ಚಾಗಿ ಜೇನು, ದುಂಬಿ ಒಯ್ಯುತ್ತವೆ. ಗಾಳಿಯಲ್ಲಿ ಹಾರಿ ಬಂದು ಮೂಗು ಸೇರುವುದು ಹುಲ್ಲಿನದು, ಕಾಂಗ್ರೆಸ್ ಕಳೆಯದು. ಮಳೆ ಆದ ಮೇಲೆ ಖಾಲಿ ಸೈಟುಗಳನ್ನು ನೋಡಿ, ಸೊಂಟದವರೆಗೆ ಬಿಳಿ ಹೂವು.

ನಾನು ಚರ್ಮದ ಮೇಲೆ ಚುಚ್ಚಿ ನೋಡುವ ಟೆಸ್ಟ್ ಮಾಡಿಸಿದೆ. ಕಾಂಗ್ರೆಸ್ ಕಳೆ ಅಂತಲೇ ಬಂತು. ಅದೇ ಪರಾಗದ ಅಂಶವನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸುತ್ತಾ ಕೊಟ್ಟು ಮೈಗೆ ಒಗ್ಗಿಸುವ ಇಂಜೆಕ್ಷನ್ ಕೋರ್ಸ್ ಶುರು ಮಾಡಿ ಇದು ಮೂರನೇ ವರ್ಷ. ಮೂರರಿಂದ ಐದು ವರ್ಷ ಅಂತ ಮೊದಲೇ ಹೇಳಿದ್ದರು. ಮೊದಲ ವರ್ಷ ಏನೂ ಆಗಲಿಲ್ಲ. ಒಂದು ಸಲ ತೋಳು ಲಿಂಬೆ ಗಾತ್ರಕ್ಕೆ ಊದಿ, ಡೋಸ್ ಇಳಿಸಿ ಮತ್ತೆ ಹಿಂದಿನಿಂದ ಬಂದೆವು. ಪ್ರತಿ ಸಲ ಅರ್ಧ ಗಂಟೆ ಅಲ್ಲೇ ಕೂರಬೇಕು. ಈ ವರ್ಷ ದಸರಾದಲ್ಲಿ ಕರವಸ್ತ್ರ ಇಲ್ಲದೆ ಓಡಾಡಿದೆ.

ಹೆಬ್ಬಾಳ ಶಶಿ:
ಹಾಗಾದರೆ ಆ ಕಳೆ ಕೀಳಿಸಿ ನೋಡೋಣ. ಭಾನುವಾರ ನಾವೇ ಆರು ಜನ ಹೋಗಿ ಕಿತ್ತೆವು. ನನ್ನ ಕೈಯೆಲ್ಲ ಗುಳ್ಳೆ.

ದಾವಣಗೆರೆ ಪ್ರಸನ್ನ:
ಬರಿಗೈಯಲ್ಲಿ ಕಿತ್ತರೆ ಹಾಗೇ ಆಗುವುದು. ಗ್ಲೌಸ್ ಹಾಕಿ, ಹೂವು ಬಿಡುವ ಮುಂಚೆ, ಬೇರು ಸಮೇತ ಕೀಳಬೇಕು. ಹೂವು ಬಿಟ್ಟ ಮೇಲೆ ಅಲ್ಲಾಡಿಸಿದರೆ ಪರಾಗ ನಿಮ್ಮ ಮುಖಕ್ಕೇ. ಇದನ್ನು ತಿನ್ನಲಿ ಅಂತ 1984ರಲ್ಲಿ ಮೆಕ್ಸಿಕೋದ ದುಂಬಿಯನ್ನು ಬೆಂಗಳೂರಿನಲ್ಲೇ ಬಿಟ್ಟರು. ಎಲೆ ತಿನ್ನುತ್ತದೆ, ನಿಜ. ಆದರೆ ಕಳೆ ಬೆಳೆಯುವ ವೇಗಕ್ಕೆ ಅದು ಸಾಲಲಿಲ್ಲ.

ವಿಜಯನಗರ ರಾಜು:
ಕಳೆ ಇರಲಿ. ಉಬ್ಬಸ ಇರುವವರಿಗೆ ಪಂಪು ಬಿಡಿ ಅನ್ನುವವರನ್ನು ಯಾರು ಕೇಳುತ್ತಾರೆ? ನನ್ನ ತಮ್ಮ ಆ ರಾತ್ರಿ ಮನೆಯಲ್ಲಿ ಇಲ್ಲದಿದ್ದರೆ?

ಮೈಸೂರು ಗೀತಕ್ಕ:
ಆ ಮಾತಿಗೆ ನಾನೂ ನಿಮ್ಮ ಜೊತೆ ರಾಜು. ಸೂಜಿಯನ್ನು ಮಾತ್ರ ಬಿಟ್ಟುಕೊಡಲ್ಲ.

ಬನಶಂಕರಿ ಸೌಮ್ಯ:
ಎಲ್ಲರಿಗೂ ಥ್ಯಾಂಕ್ಸ್. ಶನಿವಾರದ್ದು ಯಾರೂ ಹೇಳಲಿಲ್ಲ. ಮೊದಲು ಪ್ರಸನ್ನ ಅವರು ಹೇಳಿದ ಟೆಸ್ಟ್ ಮಾಡಿಸುತ್ತೇನೆ. ಈ ಶನಿವಾರಕ್ಕೇ ಬರೆಸಿದ್ದೇನೆ. ನಿನ್ನೆ ರಾತ್ರಿ ಕೂಡ ಸೆಟ್ರಿಜಿನ್ ತಗೊಂಡೇ ಮಲಗಿದ್ದು.

ದಾವಣಗೆರೆ ಪ್ರಸನ್ನ:
ಅಯ್ಯೋ, ಹಾಗಾದರೆ ಈ ಶನಿವಾರ ಹೋಗಬೇಡಿ ಮೇಡಂ. ಟೆಸ್ಟಿಗೆ ಮುಂಚೆ ಕೆಲವು ದಿನ ಸೆಟ್ರಿಜಿನ್ ನಿಲ್ಲಿಸಿರಬೇಕು, ಇಲ್ಲಾಂದ್ರೆ ಚರ್ಮ ಏನೂ ತೋರಿಸುವುದಿಲ್ಲ. ನನಗೆ ಒಂದು ವಾರ ಹೇಳಿದ್ದರು. ಈಗಲೇ ಫೋನ್ ಮಾಡಿ ಎಷ್ಟು ದಿನ ಅಂತ ಕೇಳಿ, ಮುಂದಿನ ಶನಿವಾರಕ್ಕೆ ಹಾಕಿಸಿಕೊಳ್ಳಿ.