ಸ್ಕ್ರೀನ್ ದೊಡ್ಡದೇ ಇದೆ, ಆದರೂ ಕಾರ್ಡ್ ಯಾಕೆ ಕೆಡುತ್ತದೆ? – ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಮೇಡಂ. ಫ್ರಂಟ್‌ಎಂಡ್ (ವೆಬ್ ಪುಟದ ಕಾಣುವ ಭಾಗ ಮಾಡುವ) ಕೆಲಸಕ್ಕೆ ನಾನು ಹೊಸಬ. ಒಂದು ಸುದ್ದಿ ಕಾರ್ಡ್ ಮಾಡಿದ್ದೇನೆ. ಅಗಲ ಇದ್ದರೆ ಎಡಕ್ಕೆ ಚಿತ್ರ, ಬಲಕ್ಕೆ ತಲೆಬರಹ, ಎರಡು ಸಾಲು ವಿವರ, ಒಂದು ಬಟನ್. ಮೊಬೈಲ್‌ನಲ್ಲಿ ಚಿತ್ರ ಮೇಲೆ, ಬರಹ ಕೆಳಗೆ. 480, 768, 1024 ಪಿಕ್ಸೆಲ್‌ಗೆ ಮೀಡಿಯಾ ಕ್ವೆರಿ (ಅಗಲ ನೋಡಿ ಸ್ಟೈಲ್ ಬದಲಿಸುವ ನಿಯಮ) ಹಾಕಿದ್ದೇನೆ. ಮುಖ್ಯ ಭಾಗದಲ್ಲಿ ಚೆನ್ನಾಗೇ ಕಾಣುತ್ತದೆ. ಅದೇ ಕಾರ್ಡನ್ನು ಸೈಡ್‌ಬಾರ್‌ನಲ್ಲಿ ಇಟ್ಟರೆ ದೊಡ್ಡ ಮಾನಿಟರ್‌ನಲ್ಲೂ ಕೆಡುತ್ತದೆ. ಚಿತ್ರ ಅರ್ಧ ಜಾಗ ತಿನ್ನುತ್ತದೆ, ತಲೆಬರಹ ಸಾಲಿಗೊಂದು ಪದದ ಹಾಗೆ ಇಳಿಯುತ್ತದೆ. ಸೈಡ್‌ಬಾರ್‌ಗೆ ಅಂತ ಬೇರೆ ಕ್ಲಾಸ್ ಬರೆದೆ. ಈಗ ಪಾಪ್‌ಅಪ್‌ನಲ್ಲೂ ಅದೇ ಕಾರ್ಡ್ ಬೇಕಂತೆ. ಇನ್ನೆಷ್ಟು ಬ್ರೇಕ್‌ಪಾಯಿಂಟ್ (ಜೋಡಣೆ ಬದಲಾಗುವ ಅಗಲ) ಹಾಕಬೇಕು? ಯಾವ ಅಳತೆಗೆ ಹಾಕಿದರೆ ಸರಿ?

ಉತ್ತರ: ನಿಮ್ಮ ಅಳತೆಗಳಲ್ಲಿ ತಪ್ಪಿಲ್ಲ. ಅಳೆಯುತ್ತಿರುವುದೇ ಬೇರೆಯದನ್ನು. ನೀವು ಬರೆದ ಮೀಡಿಯಾ ಕ್ವೆರಿಗೆ ಗೊತ್ತಿರುವುದು ಬ್ರೌಸರ್ ಕಿಟಕಿಯ ಅಗಲ ಮಾತ್ರ. ಕಿಟಕಿ 1440 ಪಿಕ್ಸೆಲ್ ಇದ್ದು, ಸೈಡ್‌ಬಾರ್ 280 ಇದ್ದರೆ, ನಿಮ್ಮ ಕಾರ್ಡ್‌ಗೆ ಸಿಗುವುದು ಆ 280 ತಾನೇ? ಆದರೆ ಕೋಡ್ 1440 ನೋಡಿ "ಜಾಗ ಧಾರಾಳ ಇದೆ" ಅಂತ ಚಿತ್ರವನ್ನು ಪಕ್ಕಕ್ಕೆ ಕೂರಿಸುತ್ತದೆ.

ಇದು ಹಳೇ ಅಭ್ಯಾಸದಿಂದ ಬಂದದ್ದು. 2010ರಲ್ಲಿ ಈಥನ್ ಮಾರ್ಕಾಟ್ "ರೆಸ್ಪಾನ್ಸಿವ್ ವೆಬ್ ಡಿಸೈನ್" ಅಂತ ಹೆಸರಿಟ್ಟು ಬರೆದಾಗ ಕೈಯಲ್ಲಿದ್ದ ಸಾಮಾನು ಮೂರೇ: ಹಿಗ್ಗಿ ಕುಗ್ಗುವ ಗ್ರಿಡ್, ಹಿಗ್ಗಿ ಕುಗ್ಗುವ ಚಿತ್ರ, ಮೀಡಿಯಾ ಕ್ವೆರಿ. ಆಗ ಇಡೀ ಪುಟವನ್ನು ಒಂದು ಘಟಕ ಅಂತ ನೋಡುತ್ತಿದ್ದರು. ಈಗ ನಾವು ಕಾಂಪೊನೆಂಟ್ ಮಾಡಿ ಹತ್ತು ಕಡೆ ಇಡುತ್ತೇವೆ. ಅದು ಎಲ್ಲಿ ಹೋಗಿ ಕೂರುತ್ತದೆ ಅಂತ ಮಾಡಿದವರಿಗೇ ಗೊತ್ತಿರುವುದಿಲ್ಲ.

ನಿಮಗೆ ಬೇಕಾದದ್ದು ಕಂಟೇನರ್ ಕ್ವೆರಿ, ಅಂದರೆ ಕಿಟಕಿಯ ಬದಲು ಕಾರ್ಡ್ ಕೂತ ಡಬ್ಬದ ಅಗಲ ನೋಡುವ ನಿಯಮ. ಕಾರ್ಡ್‌ನ ಸುತ್ತ ಒಂದು ಡಿವ್ (ಬರೀ ಡಬ್ಬದಂಥ ಟ್ಯಾಗ್) ಇಡಿ. ಅದಕ್ಕೆ "ಕಂಟೇನರ್-ಟೈಪ್: ಇನ್‌ಲೈನ್-ಸೈಜ್" ಅಂತ ಕೊಡಿ. ಆಮೇಲೆ ಮೀಡಿಯಾ ಅಂತ ಇದ್ದಲ್ಲಿ ಕಂಟೇನರ್ ಅಂತ ಬರೆದು, "ಕನಿಷ್ಠ ಅಗಲ 28 ರೆಮ್ ಇದ್ದರೆ ಚಿತ್ರ ಪಕ್ಕಕ್ಕೆ" ಅನ್ನುವ ನಿಯಮ ಒಳಗಿನ ಕಾರ್ಡ್‌ಗೆ ಹಾಕಿ. ರೆಮ್ ಅಂದರೆ ಪುಟದ ಮೂಲ ಅಕ್ಷರದ ಅಳತೆ. ಸೈಡ್‌ಬಾರ್ ಕ್ಲಾಸ್ ಅಳಿಸಿ. ಪಾಪ್‌ಅಪ್‌ಗೂ ಬೇರೆ ಬರೆಯಬೇಕಾಗಿಲ್ಲ.

ಎರಡು ಕಡೆ ಎಡವುತ್ತೀರಿ, ಈಗಲೇ ಹೇಳುತ್ತೇನೆ. ಮೊದಲನೆಯದು, ಕಂಟೇನರ್ ಅಂತ ಯಾವುದನ್ನು ಕರೆದಿರೋ ಅದರ ಸ್ಟೈಲ್ ಅದರದ್ದೇ ಕ್ವೆರಿಯಿಂದ ಬದಲಾಗುವುದಿಲ್ಲ, ಒಳಗಿರುವುದು ಮಾತ್ರ ಬದಲಾಗುತ್ತದೆ. ಇಲ್ಲದಿದ್ದರೆ "ಅಗಲ 400 ದಾಟಿದರೆ ಅಗಲ 300 ಮಾಡು" ಅಂತ ಬರೆದರೆ ಬ್ರೌಸರ್ ಸುತ್ತುತ್ತಲೇ ಇರಬೇಕಾಗುತ್ತದೆ. ಅದಕ್ಕೇ ಹೊರಗೊಂದು ಡಿವ್ ಬೇಕು ಅಂದದ್ದು. ಎರಡನೆಯದು, ಕಂಟೇನರ್ ಮಾಡಿದ ಮೇಲೆ ಆ ಡಿವ್ ತನ್ನ ಒಳಗಿನ ಬರಹ ನೋಡಿ ಅಗಲ ತೀರ್ಮಾನಿಸುವುದಿಲ್ಲ. ಅದನ್ನು ಫ್ಲೆಕ್ಸ್ (ಪಕ್ಕಪಕ್ಕ ಜೋಡಿಸುವ ವಿಧಾನ) ಸಾಲಿನೊಳಗೆ ಸುಮ್ನೆ ಇಟ್ಟರೆ ಅಗಲ ಸೊನ್ನೆಗೆ ಇಳಿದು ಕಾರ್ಡೇ ಮಾಯವಾಗಬಹುದು. "ಫ್ಲೆಕ್ಸ್: 1" ಅಂತಲೋ ನೂರು ಪರ್ಸೆಂಟ್ ಅಗಲ ಅಂತಲೋ ಕೊಟ್ಟರೆ ಸರಿಹೋಗುತ್ತದೆ.

ಇನ್ನು ಯಾವ ಅಳತೆ ಅಂದರೆ, ಫೋನ್, ಟ್ಯಾಬ್ಲೆಟ್ ಪಟ್ಟಿ ನೋಡಿ ಹಾಕಬೇಡಿ. ಆ ಪಟ್ಟಿ ಎಂದೂ ಮುಗಿಯುವುದಿಲ್ಲ. ಕಾರ್ಡನ್ನು ನಿಧಾನವಾಗಿ ಕಿರಿದು ಮಾಡುತ್ತಾ ಹೋಗಿ. ತಲೆಬರಹ ಎಲ್ಲಿ ಓದಲು ಕಷ್ಟ ಆಗುತ್ತದೋ ಅಲ್ಲಿ ನಿಲ್ಲಿಸಿ, ಆ ಅಗಲ ಬರೆದುಕೊಳ್ಳಿ. ಅದೇ ನಿಮ್ಮ ಬ್ರೇಕ್‌ಪಾಯಿಂಟ್. ಪಿಕ್ಸೆಲ್ ಬದಲು ರೆಮ್‌ನಲ್ಲಿ ಬರೆದರೆ ಇನ್ನೊಂದು ಲಾಭ ಇದೆ. ಕಣ್ಣಿಗೆ ಕಷ್ಟ ಅಂತ ಬ್ರೌಸರ್‌ನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡವರಿಗೆ ಅಳತೆಯೂ ಜೊತೆಗೇ ಬೆಳೆಯುತ್ತದೆ.

ಅದೇ ಸದಸ್ಯರು: ಮಾಡಿದೆ ಮೇಡಂ, ಸೈಡ್‌ಬಾರ್‌ನಲ್ಲಿ ಈಗ ಸರಿಯಾಗಿ ಕೂತಿದೆ. ಆದರೆ ಒಂದು ಕಾರ್ಡ್‌ನಲ್ಲಿ ಉದ್ದದ ಲಿಂಕ್ ಇದೆ. ಅದು ಕಾರ್ಡ್ ದಾಟಿ ಆಚೆ ಚಾಚುತ್ತದೆ, ಫೋನಿನಲ್ಲಿ ಇಡೀ ಪುಟ ಅಡ್ಡಡ್ಡ ಜಾರುತ್ತದೆ. ಬಾಡಿ ಟ್ಯಾಗ್‌ಗೆ "ಓವರ್‌ಫ್ಲೋ-ಎಕ್ಸ್: ಹಿಡನ್" ಹಾಕಿದೆ, ನಿಂತಿತು. ಹೀಗೆ ಬಿಡಬಹುದಾ?

ಉತ್ತರ: ಬಿಡಬೇಡಿ. ಜಾರುವುದು ನಿಂತಿದೆ, ಆದರೆ ಆಚೆ ಹೋದ ಬರಹ ಈಗ ಯಾರಿಗೂ ಕಾಣುವುದಿಲ್ಲ ಅಲ್ವಾ? ಆ ಸಾಲು ಮೊದಲು ತೆಗೆಯಿರಿ.

ಕಾರಣ ಇದು: ಫ್ಲೆಕ್ಸ್ ಅಥವಾ ಗ್ರಿಡ್ (ಚೌಕಚೌಕವಾಗಿ ಜೋಡಿಸುವ ವಿಧಾನ) ಒಳಗಿನ ಎಲಿಮೆಂಟ್‌ಗಳಿಗೆ ಕನಿಷ್ಠ ಅಗಲ "ಆಟೋ" ಅಂತ ಇರುತ್ತದೆ. ಅಂದರೆ ಒಳಗಿನ ಅತಿ ಉದ್ದದ, ಒಡೆಯದ ಪದಕ್ಕಿಂತ ಕಿರಿದಾಗಲು ಅವು ಒಪ್ಪುವುದಿಲ್ಲ. ಬರಹದ ಕಾಲಂಗೆ "ಮಿನ್-ವಿಡ್ತ್: 0" ಕೊಡಿ, ಲಿಂಕ್‌ಗೆ "ಓವರ್‌ಫ್ಲೋ-ರ್‍ಯಾಪ್: ಎನಿವೇರ್" ಕೊಡಿ. ಗ್ರಿಡ್‌ನಲ್ಲಿ ಬರೀ "1 ಎಫ್‌ಆರ್" (ಉಳಿದ ಜಾಗದ ಒಂದು ಪಾಲು) ಅಂತ ಇದ್ದರೆ ಅದನ್ನು ಮಿನ್‌ಮ್ಯಾಕ್ಸ್‌ನೊಳಗೆ 0 ಮತ್ತು 1 ಎಫ್‌ಆರ್ ಅಂತ ಬರೆಯಿರಿ. ಯಾವುದು ಹೊರಗೆ ಚಾಚಿದೆ ಅಂತ ತಿಳಿಯದಿದ್ದರೆ ಎಲ್ಲ ಎಲಿಮೆಂಟ್‌ಗೂ ಒಂದು ಪಿಕ್ಸೆಲ್ ಕೆಂಪು ಔಟ್‌ಲೈನ್ ಹಾಕಿ ನೋಡಿ, ಕಳ್ಳ ತಾನೇ ಸಿಗುತ್ತಾನೆ. ಬಾರ್ಡರ್ ಹಾಕಬೇಡಿ, ಅದು ಅಳತೆಯನ್ನೇ ಬದಲಿಸುತ್ತದೆ.

ಕನ್ನಡ ಬರಹಕ್ಕೆ ಇನ್ನೊಂದು ಮಾತು. ತಲೆಬರಹವನ್ನು ಎರಡು ಸಾಲಿಗೆ ಕತ್ತರಿಸುವವರು ಲೈನ್-ಹೈಟ್ 1.1 ಇಟ್ಟಿರುತ್ತಾರೆ. ಇಂಗ್ಲಿಷ್‌ನಲ್ಲಿ ಅದು ನಡೆಯುತ್ತದೆ. "ರಾಷ್ಟ್ರ", "ಶಾಸ್ತ್ರ" ಅಂತ ಬಂದಾಗ ಕೆಳಗಿನ ಒತ್ತು ಅರ್ಧಕ್ಕೆ ಕತ್ತರಿಸಿಹೋಗುತ್ತದೆ. 1.5ರ ಆಸುಪಾಸು ಇಡಿ. ಬಟನ್‌ಗೂ ಎತ್ತರ, ಅಗಲ ಕಟ್ಟಿಹಾಕಬೇಡಿ. ಪ್ಯಾಡಿಂಗ್ ಕೊಟ್ಟು, ಬೇಕಾದರೆ ಕನಿಷ್ಠ ಎತ್ತರ ಮಾತ್ರ ಕೊಡಿ.

ಇನ್ನೊಬ್ಬ ಸದಸ್ಯರು: ಕಾರ್ಡ್‌ಗಳ ಸಾಲಿಗೂ ಕಂಟೇನರ್ ಕ್ವೆರಿ ಬೇಕಾ? ದೊಡ್ಡದರಲ್ಲಿ ನಾಲ್ಕು, ಚಿಕ್ಕದರಲ್ಲಿ ಒಂದು ಬರಬೇಕು ಅಷ್ಟೇ.

ಉತ್ತರ: ಬೇಡ. ಅದಕ್ಕೆ ಯಾವ ಕ್ವೆರಿಯೂ ಬೇಡ. ಗ್ರಿಡ್‌ನ ರಿಪೀಟ್‌ನಲ್ಲಿ "ಆಟೋ-ಫಿಲ್" ಹಾಕಿ, ಪ್ರತಿ ಕಾಲಂಗೆ ಕನಿಷ್ಠ 16 ರೆಮ್, ಗರಿಷ್ಠ 1 ಎಫ್‌ಆರ್ ಕೊಡಿ. ಎಷ್ಟು ಹಿಡಿಸುತ್ತದೋ ಅಷ್ಟು ತಾನೇ ಕೂರುತ್ತವೆ. ಆ 16 ರೆಮ್ ಅನ್ನು "ಮಿನ್" ಫಂಕ್ಷನ್‌ನಲ್ಲಿ ನೂರು ಪರ್ಸೆಂಟ್ ಜೊತೆ ಇಡಿ, ಇಲ್ಲದಿದ್ದರೆ ಅದಕ್ಕಿಂತ ಕಿರಿದಾದ ಜಾಗದಲ್ಲಿ ಹೊರಚಾಚುತ್ತದೆ. "ಆಟೋ-ಫಿಟ್" ಹಾಕಿದರೆ ಒಂದೇ ಕಾರ್ಡ್ ಇದ್ದಾಗ ಅದು ಸಾಲು ತುಂಬಾ ಹಿಗ್ಗುತ್ತದೆ. ನಿಮಗೆ ಅದು ಬೇಕೋ ಬೇಡವೋ ನೋಡಿಕೊಳ್ಳಿ.

ಮತ್ತೊಬ್ಬರು: ನನ್ನ ತಲೆನೋವು ಟೇಬಲ್. ಒಂಬತ್ತು ಕಾಲಂ. ಫೋನಿನಲ್ಲಿ ಪ್ರತಿ ಸಾಲನ್ನೂ ಒಂದೊಂದು ಕಾರ್ಡ್ ಮಾಡಿ ಅಂತ ಡಿಸೈನರ್ ಹೇಳುತ್ತಿದ್ದಾರೆ. ಒಪ್ಪಬಹುದಾ?

ಉತ್ತರ: ಆ ಟೇಬಲನ್ನು ಜನ ಯಾಕೆ ನೋಡುತ್ತಾರೆ ಅನ್ನುವುದರ ಮೇಲೆ ಹೋಗುತ್ತದೆ. ಒಂದು ಸಾಲು ಹುಡುಕಿ, ಅದರ ವಿವರ ಓದಿ ಹೊರಡುವವರಾದರೆ ಕಾರ್ಡ್ ಒಳ್ಳೆಯದೇ. ಸಾಲಿಗೆ ಸಾಲು ಹೋಲಿಸಿ ನೋಡುವವರಾದರೆ ಕಾರ್ಡ್ ಮಾಡಿದಿರೋ ಕೆಟ್ಟಿರಿ. ಮೇಲಿನ ಅಂಕಿ ನೆನಪಿಟ್ಟುಕೊಂಡು ಕೆಳಗೆ ಸ್ಕ್ರಾಲ್ ಮಾಡುವ ಶಿಕ್ಷೆ ಅದು. ಹೋಲಿಸುವ ಟೇಬಲ್ ಟೇಬಲ್ ಆಗಿಯೇ ಇರಲಿ. ಸುತ್ತ ಒಂದು ಡಿವ್ ಇಟ್ಟು, ಅದಕ್ಕೆ "ಓವರ್‌ಫ್ಲೋ-ಎಕ್ಸ್: ಆಟೋ" ಕೊಟ್ಟು, ಅದನ್ನು ಮಾತ್ರ ಅಡ್ಡ ಜಾರಲು ಬಿಡಿ. ಮೊದಲ ಕಾಲಂ ಸ್ಟಿಕಿ (ಜಾರದೆ ನಿಲ್ಲುವ ಹಾಗೆ) ಮಾಡಿ, ಯಾರ ಸಾಲು ಅಂತ ಕಣ್ಣಮುಂದೆ ಇರುತ್ತದೆ. ಆ ಡಿವ್‌ಗೆ "ಟ್ಯಾಬ್‌ಇಂಡೆಕ್ಸ್" ಸೊನ್ನೆ ಮತ್ತು ಒಂದು ಹೆಸರು ಕೊಡಿ, ಕೀಬೋರ್ಡ್ ಬಳಸುವವರೂ ಜಾರಿಸಬಹುದು.

ಕೊನೆಯ ಕಾಲಂ ಸ್ಕ್ರೀನ್ ಅಂಚಿಗೆ ಸರಿಯಾಗಿ ಮುಗಿದರೆ ಮುಂದೆ ಇನ್ನೂ ಇದೆ ಅಂತ ಯಾರಿಗೂ ಹೊಳೆಯುವುದಿಲ್ಲ. ಒಂದು ಕಾಲಂ ಅರ್ಧ ಕಾಣುವ ಹಾಗೆ ಅಗಲ ಹೊಂದಿಸುವುದು ನನಗೆ ಇಷ್ಟ. ಕಾರ್ಡೇ ಮಾಡುವುದಾದರೆ ಒಂದು ಎಚ್ಚರಿಕೆ: ಟೇಬಲ್ ಟ್ಯಾಗ್‌ಗಳ ಡಿಸ್‌ಪ್ಲೇಯನ್ನು ಬ್ಲಾಕ್ ಅಂತ ಬದಲಿಸಿದರೆ ಕೆಲವು ಸ್ಕ್ರೀನ್ ರೀಡರ್‌ಗಳಿಗೆ (ಪುಟವನ್ನು ಓದಿ ಹೇಳುವ ತಂತ್ರಾಂಶ) ಅದು ಟೇಬಲ್ ಅನ್ನುವುದೇ ತಿಳಿಯದೆ ಹೋಗಬಹುದು. ಕೇಳಿ ಪರೀಕ್ಷಿಸಿ.

ಇನ್ನೊಬ್ಬರು: ಪಕ್ಕದಿಂದ ತೆರೆಯುವ ಮೆನು ಡ್ರಾಯರ್‌ಗೆ 100 ವಿಎಚ್ (ಕಿಟಕಿಯ ಪೂರ್ತಿ ಎತ್ತರ) ಕೊಟ್ಟಿದ್ದೇನೆ. ಫೋನಿನಲ್ಲಿ ಕೆಳಗಿನ ಲಾಗ್‌ಔಟ್ ಬಟನ್ ಕಾಣುವುದೇ ಇಲ್ಲ. ಲ್ಯಾಪ್‌ಟಾಪ್ ಬ್ರೌಸರ್‌ನ ಡೆವ್‌ಟೂಲ್ಸ್‌ನಲ್ಲಿ, ಫೋನ್ ಅಳತೆಗೆ ಇಟ್ಟು ನೋಡಿದರೆ ಮಾತ್ರ ಸರಿ ಇದೆ.

ಉತ್ತರ: ಡೆವ್‌ಟೂಲ್ಸ್‌ನಲ್ಲಿ ಅಡ್ರೆಸ್ ಬಾರ್ ಇಲ್ಲ, ಅದಕ್ಕೆ. ಫೋನ್ ಬ್ರೌಸರ್‌ಗಳು ಆ ಬಾರ್ ಮಡಚಿಕೊಂಡಾಗಿನ ಎತ್ತರವನ್ನು 100 ವಿಎಚ್ ಅಂತ ಲೆಕ್ಕ ಹಾಕುತ್ತವೆ. ಬಾರ್ ಕಾಣುವಾಗ ಕೆಳಗಿನ ತುಣುಕು ಹೊರಗೆ ಹೋಗುತ್ತದೆ. 100 ಡಿವಿಎಚ್ ಕೊಡಿ, ಅದು ಬಾರ್ ಬಂದು ಹೋದ ಹಾಗೆ ಬದಲಾಗುವ ಎತ್ತರ. ಡ್ರಾಯರ್ ಒಳಗೆ ಸ್ಕ್ರಾಲ್ ಇರಲಿ, ಫೋನ್ ಅಡ್ಡ ಹಿಡಿದಾಗ ಎತ್ತರ ತೀರಾ ಕಡಿಮೆ ಆಗುತ್ತದೆ.

ಅದೇ ಸದಸ್ಯರು: ಆ ಮೆನುವಿನಲ್ಲಿ ಮೌಸ್ ಇಟ್ಟರೆ ತೆರೆಯುವ ಉಪಮೆನು ಇದೆ. 1024 ಮೇಲಿದ್ದರೆ ಹೋವರ್, ಕೆಳಗಿದ್ದರೆ ಟಚ್ ಅಂತ ಬರೆದರೆ ಸಾಕಲ್ವಾ?

ಉತ್ತರ: ಸಾಕಾಗುವುದಿಲ್ಲ. ಅಗಲ ನೋಡಿ ಬೆರಳೋ ಮೌಸೋ ಅಂತ ಊಹೆ ಮಾಡಲು ಆಗುವುದಿಲ್ಲ. ದೊಡ್ಡ ಟ್ಯಾಬ್ಲೆಟ್, ಟಚ್ ಇರುವ ಲ್ಯಾಪ್‌ಟಾಪ್ ಎಲ್ಲಾ ಇವೆ. ಅದನ್ನು ನೇರವಾಗಿ ಕೇಳುವ ಮೀಡಿಯಾ ಕ್ವೆರಿಯೇ ಇದೆ: "ಹೋವರ್: ಹೋವರ್", "ಪಾಯಿಂಟರ್: ಕೋರ್ಸ್" (ಬೆರಳಿನಂಥ ದಪ್ಪ ಗುರಿ). ಆದರೂ ಉಪಮೆನು ಒತ್ತಿದರೆ ತೆರೆಯಲೇಬೇಕು, ಹೋವರ್ ಬರೀ ಅನುಕೂಲಕ್ಕೆ ಇರಲಿ. ಒತ್ತುವ ಜಾಗ 44 ಪಿಕ್ಸೆಲ್ ಇದ್ದರೆ ಹಾಯಾಗಿರುತ್ತದೆ. 2023ರಲ್ಲಿ ಬಂದ ಡಬ್ಲ್ಯುಸಿಎಜಿ 2.2 (ವೆಬ್ ಎಲ್ಲರಿಗೂ ಬಳಸಲು ಆಗಲಿ ಅಂತ ಇರುವ ಮಾರ್ಗಸೂಚಿ) ಕನಿಷ್ಠ 24 ಅನ್ನುತ್ತದೆ, ಅದಕ್ಕೂ ಕೆಲವು ವಿನಾಯಿತಿ ಇವೆ.

ಮತ್ತೊಬ್ಬರು: ಮೊಬೈಲ್‌ನಲ್ಲಿ ಜಾಗ ಇಲ್ಲ, ಅರ್ಧ ವಿಷಯ "ಡಿಸ್‌ಪ್ಲೇ: ನನ್" ಹಾಕಿ ಮರೆಮಾಡಿ ಅಂತ ನಮ್ಮ ಮ್ಯಾನೇಜರ್ ಹೇಳುತ್ತಾರೆ.

ಉತ್ತರ: ಫೋನಿನಲ್ಲಿ ಬಂದವರಿಗೆ ಆ ವಿಷಯ ಬೇಡ ಅಂತ ಅವರಿಗೆ ಹೇಗೆ ಗೊತ್ತಾಯಿತಂತೆ? ಬೇಡದ್ದಾದರೆ ಡೆಸ್ಕ್‌ಟಾಪ್‌ನಿಂದಲೂ ತೆಗೆಯಿರಿ. ಬೇಕಾದದ್ದಾದರೆ ಮಡಚಿಡಿ, ಒತ್ತಿದರೆ ತೆರೆಯಲಿ. ಜೊತೆಗೆ, ಇಮೇಜ್ ಟ್ಯಾಗ್ ಮರೆಮಾಡಿದರೂ ಚಿತ್ರ ಸಾಮಾನ್ಯವಾಗಿ ಡೌನ್‌ಲೋಡ್ ಆಗಿಯೇ ಆಗುತ್ತದೆ. ಡೇಟಾ ಏನೂ ಉಳಿಯುವುದಿಲ್ಲ.

ಮೊದಲು ಕೇಳಿದ ಸದಸ್ಯರು: ಕೊನೆಯದಾಗಿ ಎರಡು. ಹಳೇ ಬ್ರೌಸರ್‌ನಲ್ಲಿ ಕಂಟೇನರ್ ಕ್ವೆರಿ ಕೆಲಸ ಮಾಡದಿದ್ದರೆ? ಮತ್ತೆ ಪರೀಕ್ಷೆ ಮಾಡಲು ನನ್ನ ಹತ್ತಿರ ಇರುವುದು ಒಂದೇ ಫೋನ್.

ಉತ್ತರ: ಕ್ರೋಮ್, ಸಫಾರಿಯಲ್ಲಿ 2022ರಿಂದ ಇದೆ, ಫೈರ್‌ಫಾಕ್ಸ್ 110ರ ಜೊತೆ 2023ರ ಫೆಬ್ರವರಿಯಲ್ಲಿ ಬಂತು. ಅದಕ್ಕಿಂತ ಹಳೆಯದಕ್ಕೆ ದಾರಿ ಸುಲಭ. ಚಿತ್ರ ಮೇಲೆ, ಬರಹ ಕೆಳಗೆ ಇರುವ ಜೋಡಣೆಯನ್ನೇ ಮೂಲ ಸ್ಟೈಲ್ ಮಾಡಿ, ಪಕ್ಕಪಕ್ಕ ಇಡುವುದನ್ನು ಮಾತ್ರ ಕ್ವೆರಿ ಒಳಗೆ ಬರೆಯಿರಿ. ಕ್ವೆರಿ ತಿಳಿಯದ ಬ್ರೌಸರ್‌ಗೆ ಕಾರ್ಡ್ ಉದ್ದಕ್ಕೆ ಕಾಣುತ್ತದೆ, ಒಡೆಯುವುದಿಲ್ಲ.

ಪರೀಕ್ಷೆಗೆ ಒಂದು ಫೋನ್, ಒಂದು ಲ್ಯಾಪ್‌ಟಾಪ್ ಸಾಕು. ಮೊದಲು ಪುಟದ ಹೆಡ್‌ನಲ್ಲಿ ವ್ಯೂಪೋರ್ಟ್ ಮೆಟಾ ಟ್ಯಾಗ್ (ಯಾವ ಅಗಲಕ್ಕೆ ಹಾಸಬೇಕು ಅಂತ ಫೋನಿಗೆ ಹೇಳುವ ಸಾಲು) ಇದೆಯಾ ನೋಡಿ. ಇಲ್ಲದಿದ್ದರೆ ಫೋನ್ ಪುಟವನ್ನು 980 ಪಿಕ್ಸೆಲ್ ಆಸುಪಾಸಿನ ಅಗಲಕ್ಕೆ ಹಾಸಿ, ಆಮೇಲೆ ಕುಗ್ಗಿಸಿ ತೋರಿಸುತ್ತದೆ. ಆ ಟ್ಯಾಗ್‌ನಲ್ಲಿ ಜೂಮ್ ತಡೆಯುವ ಸಾಲು ಯಾರಾದರೂ ಹಾಕಿದ್ದರೆ ಕಿತ್ತುಹಾಕಿ. ಆಮೇಲೆ ಲ್ಯಾಪ್‌ಟಾಪ್ ಕಿಟಕಿ 1280 ಪಿಕ್ಸೆಲ್ ಅಗಲ ಇಟ್ಟು 400 ಪರ್ಸೆಂಟ್ ಜೂಮ್ ಮಾಡಿ. ಅದು 320 ಪಿಕ್ಸೆಲ್ ಸ್ಕ್ರೀನ್‌ಗೆ ಸಮ. ಟೇಬಲ್, ನಕಾಶೆಯಂಥವು ಬಿಟ್ಟು ಬೇರೇನೂ ಆಗ ಅಡ್ಡ ಜಾರಬಾರದು. ಕಾರ್ಡ್‌ಗೆ ಅಂದದ ಮಾದರಿ ಬರಹ ಹಾಕಿ ನೋಡಬೇಡಿ. ನಿಮ್ಮ ಡೇಟಾಬೇಸ್‌ನಲ್ಲಿರುವ ಅತಿ ಉದ್ದದ ತಲೆಬರಹ, ಚಿತ್ರವೇ ಇಲ್ಲದ ಒಂದು ಸುದ್ದಿ, ಮತ್ತೆ ಆ ಹಾಳು ಲಿಂಕ್, ಮೂರನ್ನೂ ಹಾಕಿ ನೋಡಿ. ಇನ್ನೂ ಒಡೆದರೆ ಸ್ಕ್ರೀನ್‌ಶಾಟ್ ಇಲ್ಲೇ ಹಾಕಿ.