ಸೆಲ್ಫ್ ಹೊಡೆದರೆ ತಿರುಗುತ್ತೆ, ಪದ್ಮಿನಿ ಸ್ಟಾರ್ಟ್ ಆಗ್ತಿಲ್ಲ

ತೀರ್ಥಹಳ್ಳಿ ಪದ್ಮಿನಿ: ಅಪ್ಪನ ಕಾಲದ 1989ರ ಪ್ರೀಮಿಯರ್ ಪದ್ಮಿನಿ. ಮಳೆ ಅಂತ ಮೂರು ವಾರ ಶೆಡ್ಡಿನಲ್ಲೇ ಇತ್ತು. ಬ್ಯಾಟರಿ ಹೊಸದು, ಎಂಜಿನ್ ಜೋರಾಗಿ ತಿರುಗುತ್ತದೆ, ಒಂದು ಸಲವೂ ಹಿಡಿಯುವುದಿಲ್ಲ. ಪ್ಲಗ್ ಬಿಚ್ಚಿದರೆ ತುದಿ ಒದ್ದೆ, ಪೆಟ್ರೋಲ್ ವಾಸನೆ. ಏನು ನೋಡಲಿ?

ಹಳೇ ಗಾಡಿ: ಇ20 ಪೆಟ್ರೋಲ್, ಅಂದರೆ 20% ಎಥೆನಾಲ್ ಬೆರೆಸಿದ್ದು. ಬೇರೇನೂ ಅಲ್ಲ. ಎಥೆನಾಲ್ ತೇವ ಎಳೆದುಕೊಳ್ಳುತ್ತದೆ. ಟ್ಯಾಂಕಿನ ತಳದಲ್ಲಿ ನೀರು ನಿಂತಿದೆ. ಖಾಲಿ ಮಾಡಿ.

ಪಾಯಿಂಟ್ ಸೆಟ್: ಸ್ಪಾರ್ಕ್ ನೋಡದೆ "ಬೇರೇನೂ ಅಲ್ಲ" ಅಂತ ಹೇಗೆ ಹೇಳಿದಿರಿ? ಪ್ಲಗ್ ಒದ್ದೆ ಅಂದರೆ ಪೆಟ್ರೋಲ್ ಒಳಗೆ ಹೋಗುತ್ತಿದೆ, ಉರಿಯುತ್ತಿಲ್ಲ. ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು ಒಣ ಬಟ್ಟೆಯಲ್ಲಿ ಒರೆಸಿ. ಅದರೊಳಗೆ ಕರೆಂಟ್ ಕಡಿದು ಸ್ಪಾರ್ಕ್ ಹುಟ್ಟಿಸುವ ಸಿಬಿ ಪಾಯಿಂಟ್ ಕಪ್ಪಾಗಿದ್ದರೆ ಉಪ್ಪುಕಾಗದದಲ್ಲಿ ಉಜ್ಜಿ.

ಗ್ಯಾರೇಜ್ 25 ವರ್ಷ: ಉಪ್ಪುಕಾಗದ ಬೇಡವೇ ಬೇಡ! ಅದರ ಪುಡಿ ಪಾಯಿಂಟ್ ನಡುವೆ ಕೂರುತ್ತದೆ. ಸಣ್ಣ ಅರ ಸಾಕು.

ಹಳೇ ಗಾಡಿ: "ಒಳಗೆ ಹೋಗುತ್ತಿದೆ" ಸರಿ, ನೀರೇ ಹೋಗುತ್ತಿದ್ದರೆ? ಕೆಲವು ಹಳೆ ಗಾಡಿಗಳಲ್ಲಿ ರಬ್ಬರ್ ಭಾಗ, ಗ್ಯಾಸ್ಕೆಟ್ ಎಲ್ಲ 20,000ದಿಂದ 30,000 ಕಿ.ಮೀ. ಆದ ಮೇಲೆ ಬದಲಿಸಬೇಕಾಗಬಹುದು ಅಂತ ಪೆಟ್ರೋಲಿಯಂ ಸಚಿವಾಲಯವೇ 2025ರಲ್ಲಿ ಹೇಳಿದೆ.

ಪಾಯಿಂಟ್ ಸೆಟ್: 20,000 ಕಿ.ಮೀ. ಅಂತ ನೀವೇ ಬರೆದಿರಿ. ಈ ಗಾಡಿ ಮೂರು ವಾರದಿಂದ ಒಂದು ಮಾರೂ ಓಡಿಲ್ಲ. ಬದಲಿಸುವುದಕ್ಕೆ ಖರ್ಚು ಕಡಿಮೆ ಅಂತಲೂ ಅವರು ಹೇಳಿದ್ದಾರೆ. ಅದನ್ನು ಯಾಕೆ ಬಿಟ್ಟಿರಿ?

ಹಳೇ ಗಾಡಿ: ಖರ್ಚು ಕಡಿಮೆನಾ? ಪದ್ಮಿನಿಯ ಪೆಟ್ರೋಲ್ ಪಂಪಿನ ಡಯಾಫ್ರಮ್ (ಒಳಗಿನ ರಬ್ಬರ್ ಪೊರೆ) ಹುಡುಕಿ ನಾನು ನಾಲ್ಕು ಊರು ಸುತ್ತಿದ್ದೇನೆ. ನನ್ನ ಪೆಟ್ರೋಲ್ ಪೈಪು ಬೆರಳಿಗೆ ಅಂಟುವಷ್ಟು ಮೆತ್ತಗಾಗಿತ್ತು. ಸುಮ್ನೆ ಹೇಳ್ತಿಲ್ಲ.

ಮೈಸೂರು ಮೆಕ್ಯಾನಿಕಲ್: ಪೈಪಿನ ಮಾತು ಬೇರೆ. ಎಥೆನಾಲ್ ಜಾಸ್ತಿ ಇದ್ದಷ್ಟೂ ಪೆಟ್ರೋಲ್ ಜಾಸ್ತಿ ನೀರನ್ನು ಕರಗಿಸಿ ಇಟ್ಟುಕೊಳ್ಳುತ್ತದೆ. ಬರೀ ಗಾಳಿಯ ತೇವಕ್ಕೆ ಮೂರೇ ವಾರದಲ್ಲಿ ನೀರು ಬೇರೆಯಾಗುವುದು ಕಷ್ಟ.

ಹಳೇ ಗಾಡಿ: "ಬರೀ ಗಾಳಿಯ ತೇವ"ವಾ? ಜುಲೈನಲ್ಲಿ ಮಲೆನಾಡಿಗೆ ಬನ್ನಿ. ಬೀರುವಿನಲ್ಲಿಟ್ಟ ಬಟ್ಟೆಗೇ ಬೂಷ್ಟು ಹಿಡಿಯುತ್ತದೆ. ಪುಸ್ತಕ ಓದಿ ಗಾಡಿ ರಿಪೇರಿ ಆಗುವುದಿಲ್ಲ.

ಮೈಸೂರು ಮೆಕ್ಯಾನಿಕಲ್: ಅದೇ ತೇವ ಡಿಸ್ಟ್ರಿಬ್ಯೂಟರ್ ಕ್ಯಾಪಿಗೂ ಹಿಡಿಯುತ್ತೆ ಅಲ್ವಾ?

ತೀರ್ಥಹಳ್ಳಿ ಪದ್ಮಿನಿ: ಪ್ಲಗ್ಗನ್ನು ಎಂಜಿನ್ ಮೈಗೆ ತಾಗಿಸಿ ಹಿಡಿದು, ತಮ್ಮನ ಕೈಲಿ ಸೆಲ್ಫ್ ಹೊಡೆಸಿದೆ. ಸ್ಪಾರ್ಕ್ ಹಳದಿ, ಅದೂ ಬಿಟ್ಟು ಬಿಟ್ಟು. ಕ್ಯಾಪ್ ಒಳಗೆ ಸಣ್ಣ ಹನಿಗಳಿದ್ದವು. ಒರೆಸಿದೆ. ಪಾಯಿಂಟಿಗೆ ಅರ ಹಾಕಿದೆ. ಮೂರನೇ ಸಲಕ್ಕೆ ಹಿಡಿಯಿತು! ಆದರೆ ಚೋಕ್ (ತಣ್ಣಗಿನ ಎಂಜಿನ್ ಹಿಡಿಯಲಿ ಅಂತ ಗಾಳಿ ಕಡಿಮೆ ಮಾಡುವ ಗುಂಡಿ) ಒಳಗೆ ತಳ್ಳಿದ ಕೂಡಲೇ ನಿಲ್ಲುತ್ತದೆ.

ಪಾಯಿಂಟ್ ಸೆಟ್: ಹಿಡಿಯಿತಲ್ಲ. ಮೊದಲೇ ಹೇಳಿದ್ದೆ.

ಹಳೇ ಗಾಡಿ: "ಚೋಕ್ ತಳ್ಳಿದರೆ ನಿಲ್ಲುತ್ತದೆ" ಅಂದರೆ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಬಿಡುವ ಸಣ್ಣ ತೂತು, ಜೆಟ್, ಕಟ್ಟಿದೆ, ನಾನು ಹೇಳಿದ ಪೆಟ್ರೋಲೇ. ಅದರ ಫ್ಲೋಟ್ ಚೇಂಬರಿನಲ್ಲಿ (ಪೆಟ್ರೋಲ್ ನಿಲ್ಲುವ ಬಟ್ಟಲು) ಇರುವುದನ್ನು ಗಾಜಿನ ಬಾಟಲಿಗೆ ಸುರಿದು ಅರ್ಧ ಗಂಟೆ ಬಿಡಿ. ತಳದಲ್ಲಿ ನೀರು ಬೇರೆಯಾದ ಗೆರೆ ಕಂಡರೆ ಫೋಟೋ ಹಾಕಿ.

ಗ್ಯಾರೇಜ್ 25 ವರ್ಷ: ಎಂಜಿನ್ ಬಿಸಿಯಾಗುವ ಮೊದಲೇ ಚೋಕ್ ತಳ್ಳಿದಿರಾ? ಅದನ್ನು ಹೇಳಿ ಮೊದಲು.